ಸೀರೆ ಕಳಿಸಿ, ಕೌದಿ ಪಡೆಯಿರಿ

ನನಗೆ ಕುಂಚ ಹಿಡಿಯಲು ಕಲಿಸಿದ ಉಸ್ತಾದರು ಮೊದಲ ದಿನವೇ ಒಂದು ಮಾತು ಹೇಳಿದ್ದರು. "ಬರದ ಬೋರ್ಡ್ ತಿರುಗಿ ನೋಡಬ್ಯಾಡ. ನೋಡಿದ್ಯಂದ್ರ ಬರೇ ತಪ್ಪ ಕಾಣತಾವು. ಸಹಿ ಹಾಕು, ಬಸ್ ಹತ್ತು." ಅವರ ಬೇರೆ ಎಷ್ಟೋ ಮಾತುಗಳನ್ನು ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಸೀಮೆಸುಣ್ಣದ ಗೆರೆ ಹೊಡೆಯದೆ ಅಕ್ಷರ ಬರೆದೆ, ಬೀಡಿ ಸೇದುತ್ತ ಥಿನ್ನರ್ ಡಬ್ಬಿ ತೆರೆದೆ. ಈ ಒಂದು ಮಾತನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದೆ, ಏಕೆಂದರೆ ಅದು ನನ್ನ ಸೋಮಾರಿತನಕ್ಕೆ ಹೇಳಿ ಮಾಡಿಸಿದಂತಿತ್ತು.

ತೊಂಬತ್ತರ ದಶಕ ಪೂರ್ತಿ ನಾನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ನಾಲ್ಕು ತಾಲೂಕು ಸುತ್ತುತ್ತ ಗೊಬ್ಬರದ ಅಂಗಡಿಯ ಶಟರು, ಔಷಧ ಅಂಗಡಿಯ ಬೋರ್ಡು, ಶಾಲೆಯ ಗೋಡೆಯ ಸುಭಾಷಿತ ಎಲ್ಲ ಬರೆದೆ. ಸಿಂದಗಿಯಲ್ಲಿ ಬಸ್ ನಿಲ್ದಾಣದಿಂದ ಕೂಗಳತೆಯ ದೂರದಲ್ಲಿ ನನ್ನದೊಂದು ತಗಡಿನ ಅಂಗಡಿ. ಬರೆದು ಮುಗಿಸಿದ ಮೇಲೆ ಬೋರ್ಡಿನ ಬಲಗಡೆ, ಕೆಳಗಿನ ಮೂಲೆಯಲ್ಲಿ, ಕಡ್ಡಿಪೆಟ್ಟಿಗೆಯಷ್ಟು ಜಾಗದಲ್ಲಿ ನನ್ನ ಹೆಸರು. ಆಮೇಲೆ ಆ ಗೋಡೆಗೂ ನನಗೂ ಸಂಬಂಧವಿಲ್ಲ. ಬಣ್ಣ ಹಾರಿದರೆ ಅಂಗಡಿಯವನ ಹಣೆಬರಹ.

ಇದೇ ನಿಯಮವನ್ನು ನಾನು ಕಂಪ್ಯೂಟರಿಗೂ ತೆಗೆದುಕೊಂಡು ಹೋದೆ. ಈಗ ಹೇಳಹೊರಟಿರುವುದು ಅದರಿಂದ ಆದ ಅವಮಾನದ ಕಥೆ. ಅವಮಾನ ಆದದ್ದು ನನಗೆ, ಅನ್ಯಾಯ ಆದದ್ದು ಬೇರೆಯವರಿಗೆ. ಇಷ್ಟು ವರ್ಷ ಇದನ್ನು ನಗುವ ಕಥೆಯಂತೆ ಅರ್ಧ ಮಾತ್ರ ಹೇಳಿ ನಿಲ್ಲಿಸುತ್ತಿದ್ದೆ. ಉಳಿದರ್ಧದಲ್ಲಿ ನಗುವಂಥದ್ದು ಏನೂ ಇಲ್ಲ.

ಎರಡು ಸಾವಿರ ಇಸವಿ ದಾಟಿದ ಮೇಲೆ ವಿಜಾಪುರದಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು ಬಂದೆ. ಇನ್ನು ಮುಂದೆ ಗೋಡೆಗೆ ಕಾಲವಿಲ್ಲ, ಎಲ್ಲ ಅದರೊಳಗೇ ಎಂದು ಕಲಿಸಿದವರು ಹೇಳಿದ್ದರು. ನಾನು ಊರಿಗೆ ಬಂದು ಅದಕ್ಕೆ ಇನ್ನಷ್ಟು ಬಣ್ಣ ಕಟ್ಟಿದೆ. ಪರಿಚಯದ ವ್ಯಾಪಾರಿಗಳ ಗಾದಿಯ ಮೇಲೆ ಕುಳಿತು ಹೇಳುತ್ತಿದ್ದೆ: "ಇದು ಇಡೀ ಲೋಕಕ್ಕ ಕಾಣೂ ಬೋರ್ಡ್ ಐತಿ ನೋಡ್ರಿ ಸಾಹುಕಾರ. ಒಮ್ಮಿ ಬರದ್ರ ಮುಗೀತು. ಬಿಸಲಿಗೆ ಬಣ್ಣ ಹೋಗಂಗಿಲ್ಲ, ಮಳಿಗೆ ತೊಳಿಯಂಗಿಲ್ಲ, ಮಗ್ಗಲ ಅಂಗಡ್ಯಾವ ಸಗಣಿ ಒಗಿಯಂಗಿಲ್ಲ."

ಬಿಸಿಲಿಗೆ ಬಣ್ಣ ಹೋಗುವುದಿಲ್ಲ ಎಂಬುದು ನಿಜ. ಒಮ್ಮೆ ಬರೆದರೆ ಮುಗಿಯಿತು ಎಂಬುದು ಹಸಿ ಸುಳ್ಳು. ವೆಬ್‌ಸೈಟು ಎಂಬುದು ಗೋಡೆಯಲ್ಲ, ಎಮ್ಮೆ. ದಿನಾ ಅದರ ಮುಖ ನೋಡಬೇಕು. ವರ್ಷವರ್ಷವೂ ಅದರ ಹೆಸರನ್ನು ಹೊಸದಾಗಿ ಕಾಯ್ದಿರಿಸಬೇಕು, ಬಂದ ಪತ್ರಕ್ಕೆ ಉತ್ತರ ಬರೆಯಬೇಕು, ಅಂಗಡಿಯ ಸಮಯ ಬದಲಾದರೆ ಅಲ್ಲಿಯೂ ಬದಲಿಸಬೇಕು, ಗುಪ್ತಪದ, ಅಂದರೆ ಪಾಸ್‌ವರ್ಡ್, ನೆನಪಿಡಬೇಕು. ಮಾರುವಾಗ ಇದನ್ನೆಲ್ಲ ಹೇಳಿದರೆ ಯಾರು ಕೊಳ್ಳುತ್ತಾರೆ? ನಾನು ಹೇಳಲಿಲ್ಲ. ನಿಜ ಹೇಳಬೇಕೆಂದರೆ, ನನಗೇ ಪೂರ್ತಿ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಹೇಳಲಿಲ್ಲ.

ಮುದ್ದೇಬಿಹಾಳದಲ್ಲಿ ಪೈಪು ಮಾರುವವರೊಬ್ಬರಿಗೆ ಮಾಡಿಕೊಟ್ಟೆ. ಸ್ವಲ್ಪ ದಿನಕ್ಕೆ ಟೆಲಿಫೋನ್ ಇಲಾಖೆಯವರು ಎಲ್ಲರ ಫೋನ್ ನಂಬರಿನ ಮುಂದೆ ಒಂದು 'ಎರಡು' ಸೇರಿಸಿದರು. ಅವರ ಪುಟದಲ್ಲಿ ಹಳೆಯ ನಂಬರೇ ಉಳಿಯಿತು. ಯಾರೂ ಫೋನ್ ಮಾಡುತ್ತಿಲ್ಲ ಎಂದು ಅವರು ಒಂದು ವರ್ಷ ಜನರನ್ನೇ ಬೈದರು. ಇಂಡಿಯ ಲಿಂಬೆಹಣ್ಣಿನ ವ್ಯಾಪಾರಿಯದು ಇನ್ನೂ ಚೆಂದ. ಹೆಸರು ನವೀಕರಿಸುವುದನ್ನು ನಾನು ಮರೆತೆ, ದೂರದ ಯಾರೋ ಅದನ್ನು ಎತ್ತಿಕೊಂಡರು. ಲಿಂಬೆಯ ಬುಟ್ಟಿ ಇದ್ದ ಕಡೆ ಬೋಳುತಲೆಗೆ ಕೂದಲು ಬರಿಸುವ ಎಣ್ಣೆಯ ಜಾಹೀರಾತು ಬಂತು. ಆ ವ್ಯಾಪಾರಿಯ ತಲೆ ನುಣ್ಣಗಿತ್ತು ಎಂಬುದು ಮಾರುಕಟ್ಟೆಗೆಲ್ಲ ಗೊತ್ತಿದ್ದ ಸಂಗತಿ. ಹಣ್ಣಿನ ರಾಶಿಯ ನಡುವೆ ನಿಲ್ಲಿಸಿ ಅವರು ನನ್ನ ನೀರಿಳಿಸಿದರು. "ನನ್ನ ಅಂಗಡಿ ಬಾಗಲಾ ತಗದು ಒಳಗ ಯಾರೋ ಕುಂತಾರಲ್ಲೋ! ಕೀಲಿ ನಿನ್ನ ಕೈಯಾಗ ಇತ್ತಿಲ್ಲೊ?"

"ಬೋರ್ಡಿನ ಬಣ್ಣ ಹೋದ್ರ ಪೇಂಟರ್ ಏನ್ ಮಾಡ್ತಾನ್ರಿ?" ಎಂದು ಅಂದು ಕೈ ತೊಳೆದುಕೊಂಡು ಬಂದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಒಬ್ಬನೇ ನಕ್ಕೆ. ನಾನು ನಗುವ ಕಥೆಯಂತೆ ಹೇಳುತ್ತಿದ್ದುದು ಇಲ್ಲಿಯವರೆಗೆ.

ಇನ್ನು ಬಾಗೇವಾಡಿಯ ಕೌದಿಯ ಅಮ್ಮನ ವಿಷಯ.

ಮಹಿಳಾ ಸಂಘವೊಂದರ ಗೋಡೆ ಬರೆಯಲು ಹೋದಾಗ ಅವರ ಪರಿಚಯವಾಯಿತು. ಪಕ್ಕದ ಎರಡು ಖೋಲಿಯ ಮನೆ ಅವರದು. ಐವತ್ತೈದು ದಾಟಿದ ವಿಧವೆ. ಬಿಸಿಲಲ್ಲಿ ನಿಂತವನನ್ನು ಕರೆದು ನೀರು ಕೊಟ್ಟು, ಕೂರಲು ಕೌದಿ ಹಾಸಿದರು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಬಣ್ಣದ ತುಂಡುಗಳನ್ನು ಜೋಡಿಸಿ, ದಾರದ ಸಾಲಿಗೆ ಸಾಲು ಕೂಡಿಸಿ ಹೊಲಿದ ಹೊದಿಕೆ ಅದು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವಂಥದ್ದೇ. ಆದರೆ ಅವರ ಸಾಲುಗಳು ಉಸ್ತಾದರು ದಾರ ಹಿಡಿದು ಹೊಡೆಯುತ್ತಿದ್ದ ಗೆರೆಗಿಂತ ನೆಟ್ಟಗಿದ್ದವು. ನನಗೆ ಹೊಟ್ಟೆಕಿಚ್ಚಾಯಿತು.

ಸೀರೆ ತಂದವರನ್ನೆಲ್ಲ ಅವರು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇದು ಯಾರ ಸೀರಿ?" ಅತ್ತೆಯದೋ, ಅವ್ವನದೋ, ಸತ್ತ ಅಕ್ಕನದೋ ತಿಳಿದುಕೊಂಡು, ಹೊಲಿಯುವಾಗ ಆ ಸೀರೆಯ ಜೊತೆ ಮಾತಾಡುತ್ತಿದ್ದರು. ಕೊನೆಯ ಮೂಲೆ ಮುಚ್ಚುವ ಮೊದಲು ಒಣ ರೊಟ್ಟಿಯ ಒಂದು ಚೂರು ಒಳಗಿಟ್ಟು ಹೊಲಿಯುತ್ತಿದ್ದರು. "ಕೌದಿ ಹೊಟ್ಟಿ ಖಾಲಿ ಇರಬಾರದು ತಮ್ಮಾ. ಹೊಚಗೊಂಡವರ ಹೊಟ್ಟೀನೂ ಖಾಲಿ ಇರ್ತೈತಿ." ಊರಲ್ಲಿ ಅವರ ಆಸ್ತಿ ಎಂದರೆ ಒಂದು ಮಾತು: ನನ್ನ ಕೈಗೆ ಬಂದ ಸೀರೆ ಹಾಗೇ ಹೋಗುವುದಿಲ್ಲ. ತಡವಾಗಬಹುದು, ಆದರೆ ಕೌದಿಯಾಗಿಯೇ ಮನೆಗೆ ಮರಳುತ್ತದೆ. ಆ ಮಾತಿನ ಮೇಲೆ ಜನ ಮದುವೆಯ ರೇಷ್ಮೆಯನ್ನೂ ಚೀಟಿ ಇಲ್ಲದೆ ಕೊಟ್ಟು ಹೋಗುತ್ತಿದ್ದರು.

ಅವರಿಗೆ ವೆಬ್‌ಸೈಟು ಬೇಕಿರಲಿಲ್ಲ. ನನಗೆ ಬೇಕಿತ್ತು. ಪೈಪು, ಲಿಂಬೆ ತೋರಿಸಿದರೆ ಯಾರ ಕಣ್ಣೂ ಅರಳುವುದಿಲ್ಲ. ಕೌದಿ ಹಾಗಲ್ಲ, ನೋಡಲು ಬಣ್ಣ ಬಣ್ಣ. ಅದನ್ನು ತೋರಿಸಿ ನಾಲ್ಕು ಗಿರಾಕಿ ಹಿಡಿಯೋಣ ಎಂಬ ಆಸೆ. ಪುಕ್ಕಟೆ ಮಾಡಿಕೊಡುತ್ತೇನೆ ಎಂದೆ. "ಊರ ಮಂದಿದ ಹೊಲದು ಮುಗಿವಲ್ದು, ಲೋಕದ ಉಸಾಬರಿ ನನಗ್ಯಾಕೋ" ಎಂದರು. ನಾನು ಬಿಡಲಿಲ್ಲ. ಮೂರನೆಯ ಸಲ ಹೋದಾಗ ಒಪ್ಪಿದರು. ಒಪ್ಪುವ ಮೊದಲು ಒಂದು ಪ್ರಶ್ನೆ ಕೇಳಿದರು, ನಾಲ್ಕು ತಾಲೂಕಿನಲ್ಲಿ ಯಾವ ಸಾಹುಕಾರನೂ ಕೇಳದ ಪ್ರಶ್ನೆ.

"ನನ್ನ ಕೈ ನಿಂತ್ರ ಆ ಬೋರ್ಡ್ ಯಾರು ತಗೀತಾರ?"

"ನಾನ ತಗೀತೇನಿ ಬಿಡ್ರಿ ಅಮ್ಮಾರ, ಒಂದು ಬಟನ್ ಒತ್ತಿದ್ರ ಹೋಗ್ತೈತಿ" ಎಂದು ನಕ್ಕೆ.

ಆಗ ಪರದೆಯ ಮೇಲೆ ಕನ್ನಡ ಅಕ್ಷರ ಮೂಡಿಸುವುದು ದೊಡ್ಡ ರಗಳೆ. ನಾನು ಹಾಳೆಯ ಮೇಲೆ ಕುಂಚದಲ್ಲೇ ಬರೆದು, ಅದನ್ನು ಸ್ಕ್ಯಾನ್ ಮಾಡಿ ಹಾಕಿದೆ. "ಸೀರೆ ಕಳಿಸಿ, ಕೌದಿ ಪಡೆಯಿರಿ." ಅದರ ಕೆಳಗೆ, ಅವರದೇ ಮಾತು: "ನಮ್ಮ ಕೈಗೆ ಬಂದ ಸೀರೆ ಹಾಗೇ ಹೋಗದು." ಕೌದಿಯನ್ನು ತೊಡೆಯ ಮೇಲೆ ಹಾಸಿಕೊಂಡು ಅವರು ನಗುವ ಫೋಟೋ, ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಅವರ ಹೆಸರು. ಅವರ ಓಣಿ ಅಂಚೆಯವರಿಗೆ ಸಿಗುವುದಿಲ್ಲವೆಂದು ವಿಳಾಸವೂ ಫೋನೂ ನನ್ನ ಸಿಂದಗಿಯ ಅಂಗಡಿಯದು. ಬಲಗಡೆ ಕೆಳಮೂಲೆಯಲ್ಲಿ ನನ್ನ ಸಹಿ. ಪುಕ್ಕಟೆ ಕೆಲಸವಾದ್ದರಿಂದ ಪುಕ್ಕಟೆ ಜಾಗ ಕೊಡುವ ಯಾವುದೋ ಪರದೇಶದ ಕಂಪನಿಯಲ್ಲಿ ಪುಟ ಇಟ್ಟೆ. ಪುಕ್ಕಟೆಯ ಮಿಂಚಂಚೆ, ಅಂದರೆ ಇ-ಮೇಲ್, ಒಂದು ತೆರೆದೆ. ಗುಪ್ತಪದವನ್ನು ಎಲ್ಲಿ ಬರೆದಿಡುವುದು? ಪೇಂಟರನಿಗೆ ಗೋಡೆ ಬಿಟ್ಟರೆ ಬೇರೆ ಕಾಗದವಿಲ್ಲ. ಅಂಗಡಿಯ ಒಳಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದೆ.

ಮೊದಲ ಒಂದೂವರೆ ವರ್ಷ ಎಲ್ಲ ಹಬ್ಬದಂತೆ ನಡೆಯಿತು. ಪುಣೆ, ಮುಂಬಯಿ, ಹುಬ್ಬಳ್ಳಿಗಳಿಂದ ಪಾರ್ಸೆಲ್ ಬಂದವು. ನಾನು ದೇವರ ಹಿಪ್ಪರಗಿಯಲ್ಲಿ ಬಸ್ಸು ಬದಲಿಸಿ ಬಾಗೇವಾಡಿಗೆ ಒಯ್ಯುತ್ತಿದ್ದೆ. ಜೊತೆಗೆ ಬಂದ ಚೀಟಿಯನ್ನು ಓದಿ ಹೇಳುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೌದಿ ಮುಗಿದ ಮೇಲೆ ಮತ್ತೆ ನಾನೇ ತಂದು ಅಂಚೆಗೆ ಹಾಕುತ್ತಿದ್ದೆ. "ನಿನ್ನ ಬೋರ್ಡ್ ಖರೇನ ಲೋಕಕ್ಕ ಕಾಣತೈತೋ" ಎಂದು ಅವರು ಹೇಳಿದ ದಿನ ನನ್ನ ಎದೆ ಒಂದು ಗೇಣು ಉಬ್ಬಿತು.

ಆಮೇಲೆ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ತಿಂಗಳೊಪ್ಪತ್ತಿನಲ್ಲಿ ಕಾಲು ಸರಿಯಾಯಿತು, ಮಾತೂ ಬಂತು. ಬಲಗೈಯ ಬೆರಳುಗಳು ಮಾತ್ರ ಒಳಗೆ ಮಡಚಿಕೊಂಡವು, ಮತ್ತೆ ತೆರೆಯಲಿಲ್ಲ. ನೋಡಲು ಹೋದಾಗ ಅವರು ತಮ್ಮ ಕೈಯ ಬಗ್ಗೆ ಒಂದು ಮಾತೂ ಆಡಲಿಲ್ಲ. "ಕೈಯಾಗ ಇದ್ದ ಎರಡು ಕೌದಿ ಮಗ್ಗಲ ಮನಿ ಹೆಣ್ಮಕ್ಕಳ ಕಡೆ ಮುಗಿಸೇನಿ. ಇನ್ನ ಯಾರದೂ ತಗೊಳಂಗಿಲ್ಲ. ಆ ಬೋರ್ಡ್ ಅಳಿಸಿಬಿಡು ತಮ್ಮಾ. ಇವತ್ತ ಅಳಿಸು."

"ಇವತ್ತ ಅಳಸತೇನ್ರಿ" ಎಂದೆ.

ನಿಜವಾಗಿಯೂ ಅಂದೇ ಸಿಂದಗಿಯ ಸೈಬರ್ ಕೆಫೆಗೆ ಹೋದೆ. ಗುಪ್ತಪದ ನೆನಪಿರಲಿಲ್ಲ. ಅಂಗಡಿಗೆ ಓಡಿ ಬಂದು ಗೋಡೆ ನೋಡಿದರೆ, ಹಿಂದಿನ ದೀಪಾವಳಿಗೆ ನಾನೇ ಸುಣ್ಣ ಬಳಿದಿದ್ದೆ. ಚಾಕುವಿನಿಂದ ಕೆರೆದೆ. ಸುಣ್ಣದ ಕೆಳಗೆ ನೀಲಿ, ನೀಲಿಯ ಕೆಳಗೆ ಮತ್ತೆ ಸುಣ್ಣ, ಅದರ ಕೆಳಗೆ ಮಣ್ಣು. ಪೆನ್ಸಿಲಿನ ಗುರುತೂ ಇರಲಿಲ್ಲ. ಗುಪ್ತಪದ ಮರೆತವರಿಗೆ ಹೊಸದನ್ನು ಕಳಿಸುವ ವ್ಯವಸ್ಥೆ ಇತ್ತು, ಆದರೆ ಅದು ಬರುವುದು ನಾನು ತೆರೆದಿದ್ದ ಮಿಂಚಂಚೆಗೆ. ಆ ಮಿಂಚಂಚೆಯನ್ನು ಗೋಡೆ ಬರೆಯುವ ಸುಗ್ಗಿಯಲ್ಲಿ ನಾನು ತಿಂಗಳುಗಟ್ಟಲೆ ತೆರೆದಿರಲಿಲ್ಲವಾಗಿ ಅವರು ಮುಚ್ಚಿಹಾಕಿದ್ದರು. ಕಂಪನಿಗೆ ನನ್ನ ಮುರುಕು ಇಂಗ್ಲಿಷಿನಲ್ಲಿ ಮೂರು ಸಲ ಬರೆದೆ. ಪುಕ್ಕಟೆ ಗಿರಾಕಿಗೆ ಯಾರು ಉತ್ತರ ಬರೆಯುತ್ತಾರೆ? ದುಡ್ಡು ಕೊಟ್ಟು ಇಟ್ಟ ಜಾಗವಾಗಿದ್ದರೆ ಕಟ್ಟುವುದನ್ನು ನಿಲ್ಲಿಸಿದ ಕೂಡಲೇ ಪುಟ ಮಾಯವಾಗುತ್ತಿತ್ತು. ಪುಕ್ಕಟೆಯದಕ್ಕೆ ಸಾವಿಲ್ಲ.

ಹದಿನೈದು ದಿನ ಬಿಟ್ಟು ಬಾಗೇವಾಡಿಗೆ ಹೋದಾಗ ಅವರು ಕೇಳಿದರು, "ಅಳಿಸಿದಿ?"

"ಅಳಿಸೇನ್ರಿ" ಎಂದೆ.

ಗೋಡೆಗೆ ಸುಣ್ಣ ಹೊಡೆದು ಗುಪ್ತಪದ ಕಳೆದುಕೊಂಡೆ ಎಂದು ಹೇಳಿದರೆ ಅವರು ನಗುತ್ತಿದ್ದರೇನೋ. ಆದರೆ 'ಒಂದು ಬಟನ್' ಎಂದು ಜಂಬ ಕೊಚ್ಚಿದ್ದವನ ನಾಲಿಗೆ ಅದಕ್ಕೆ ಹೊರಳಲಿಲ್ಲ.

ಪಾರ್ಸೆಲ್ ಬರುತ್ತಲೇ ಇದ್ದವು. ಮೊದಲನೆಯದು ಬಂದಾಗ, ನಾಳೆ ವಾಪಸು ಕಳಿಸೋಣ ಎಂದು ಅಟ್ಟದ ಮೇಲಿಟ್ಟೆ. ವಾಪಸು ಕಳಿಸಬೇಕೆಂದರೆ ಒಂದು ಚೀಟಿ ಬರೆಯಬೇಕು. ಚೀಟಿಯಲ್ಲಿ ಏನು ಬರೆಯುವುದು? ಹೊಲಿಯುವವರ ಕೈ ಹೋಗಿದೆ, ಆದರೂ ಬೋರ್ಡು ಇನ್ನೂ ಕರೆಯುತ್ತಿದೆ ಎಂದೇ? ಹಾಗಾದರೆ ತೆಗೆಯಿರಿ ಎನ್ನುತ್ತಾರೆ. ಎರಡನೆಯದು ಬಂತು, ಮೂರನೆಯದು ಬಂತು. ಒಂದು ವಾರ ತಡವಾದ ಚೀಟಿ ಬರೆಯುವುದು ಸುಲಭ. ಆರು ತಿಂಗಳು ತಡವಾದದ್ದನ್ನು ಬರೆಯಲು ಕೂತರೆ ಮೊದಲ ವಾಕ್ಯವೇ ಬರುವುದಿಲ್ಲ. ನಾನು ಪಾರ್ಸೆಲ್‌ಗಳ ಕಡೆ ನೋಡುವುದನ್ನೇ ಬಿಟ್ಟೆ. ಅಟ್ಟದ ಮೇಲೆ ಬಣ್ಣದ ಡಬ್ಬಿ, ಟರ್ಪೆಂಟೈನ್ ಕ್ಯಾನು, ಅವುಗಳ ಹಿಂದೆ ಊರೂರ ಅವ್ವಂದಿರ ಸೀರೆ.

ಕೆಲವರು ಫೋನ್ ಮಾಡಿದರು. ಒಂದೆರಡು ಸಲ ಮಾಡಿ, ಬೇಸತ್ತು ಬಿಟ್ಟರು. ಬಿಡದೆ ಮಾಡಿದವರು ಒಬ್ಬರೇ. ಮೂಲ ಚಡಚಣದವರು, ಸೊಲ್ಲಾಪುರದ ಯಾವುದೋ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ತಾಯಿ ತೀರಿಕೊಂಡ ಮೇಲೆ ನಾಲ್ಕು ಸೀರೆ ಕಳಿಸಿದ್ದರು. ಮೊದಲ ಸಲ ಫೋನ್ ಮಾಡಿದಾಗಲೇ ಹೇಳಿದ್ದರು: "ಅಣ್ಣಾರ, ಆ ಸೀರಿ ತೊಳದಿಲ್ರಿ. ಬೇಕಂತ ತೊಳದಿಲ್ಲ. ಅವರಿಗೂ ತೊಳೀಬ್ಯಾಡ್ರಿ ಅಂತ ಹೇಳ್ರಿ."

"ಹೇಳತೇನ್ರಿ ಅಕ್ಕಾರ."

ಮುಂದಿನ ತಿಂಗಳು ಮತ್ತೆ ಫೋನ್. "ಶುರು ಮಾಡ್ಯಾರೇನ್ರಿ?"

"ಹೊಲಿಯಾಕತ್ತಾರ್ರಿ. ನಾಕು ಮೂಲ್ಯಾಗ ಎರಡು ಮುಗದಾವು."

ಈ ಎರಡು ಮೂಲೆಯ ಮಾತನ್ನು ನನ್ನಿಂದ ಯಾರು ಆಡಿಸಿದರು? ಹೊಲಿಯುತ್ತಿದ್ದಾರೆ ಎಂದಷ್ಟೇ ಹೇಳಿ ಬಾಯಿ ಮುಚ್ಚಬಹುದಿತ್ತು. ಬೋರ್ಡು ಬರೆಯುವವನಿಗೆ ಖಾಲಿ ಜಾಗ ಕಂಡರೆ ಬಳ್ಳಿ ಬಿಡಿಸುವ ಚಟ. ಇನ್ನೊಂದು ತಿಂಗಳು, ಹಸಿರು ಸೀರೆಯನ್ನು ನಡುವೆ ಹಾಕಿದ್ದಾರೆ ಎಂದೆ. ಪಾರ್ಸೆಲ್ಲಿನ ಹರಿದ ಅಂಚಿನಲ್ಲಿ ಹಸಿರು ಕಂಡಿತ್ತು, ಅಷ್ಟೇ. ಆಕೆ, "ಅದು ನಮ್ಮವ್ವ ದವಾಖಾನ್ಯಾಗ ಉಟ್ಟಿದ್ದು" ಎಂದರು. ನಾನು ಫೋನಿಟ್ಟು ಹೋಟೆಲಿಗೆ ಹೋಗಿ ಚಹಾ ಕುಡಿದೆ. ಚಹಾ ಸೇರಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಹೀಗೆ ಒಂದು ವರ್ಷದ ಮೇಲಾಯಿತು. ಒಂದು ದಿನ ಮಧ್ಯಾಹ್ನ ಅಂಗಡಿಯ ಮುಂದೆ ಒಬ್ಬ ಹೆಣ್ಣುಮಗಳು ನಿಂತಿದ್ದರು. ಕೈಯಲ್ಲಿ ಚೀಲ, ಮುಖದಲ್ಲಿ ಪ್ರಯಾಣದ ಧೂಳು. ಬಾಯಿ ತೆರೆದ ಕೂಡಲೇ ಆ ಧ್ವನಿ ಯಾರದೆಂದು ಗೊತ್ತಾಯಿತು.

"ಕೌದಿ ಬ್ಯಾಡ್ರಿ ಈಗ. ನನ್ನ ಸೀರಿ ಕೊಡ್ರಿ."

ಸೀರೆ ಬಾಗೇವಾಡಿಯಲ್ಲಿವೆ, ಹೊಲಿಯುವವರು ಊರಿಗೆ ಹೋಗಿದ್ದಾರೆ ಎಂದೆ. ಆಕೆ ಕತ್ತೆತ್ತಿ ಅಟ್ಟದ ಕಡೆ ನೋಡಿದರು. ಪಾರ್ಸೆಲ್ಲಿನ ಮೇಲೆ ಆಸ್ಪತ್ರೆಯ ಹತ್ತಿಪಟ್ಟಿ ಸುತ್ತಿ ಕಳಿಸಿದ್ದರಂತೆ. ಬಣ್ಣದ ಡಬ್ಬಿಗಳ ನಡುವೆ ಆ ಬಿಳಿ ಪಟ್ಟಿ ರಸ್ತೆಯಿಂದಲೇ ಕಾಣುತ್ತಿತ್ತು.

ಏಣಿ ಹತ್ತಿ ಇಳಿಸಿಕೊಟ್ಟೆ. ಕೆಳಗಿನಿಂದ ಪಾರ್ಸೆಲ್ಲು ಒದ್ದೆಯಾಗಿತ್ತು. ಟರ್ಪೆಂಟೈನ್ ಕ್ಯಾನು ಯಾವಾಗಲೋ ಸೋರಿತ್ತು. ಆಕೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಪಟ್ಟಿ ಬಿಚ್ಚಿದರು. ಹಸಿರು ಸೀರೆ ತೆಗೆದು ಮುಖಕ್ಕೆ ಒತ್ತಿಕೊಂಡರು. ಒಮ್ಮೆ ಉಸಿರೆಳೆದರು, ಸರಕ್ಕನೆ ದೂರ ಹಿಡಿದರು. ಮತ್ತೊಂದನ್ನು ತೆಗೆದು ಮೂಸಿದರು. ಮೂರನೆಯದು, ನಾಲ್ಕನೆಯದು. ತೊಳೆಯದೆ ಇಟ್ಟದ್ದು ಯಾಕೆಂದು ನನಗೆ ಅರ್ಥವಾದದ್ದು ಆಗ. ನಾಲ್ಕೂ ಸೀರೆಗೆ ನನ್ನ ಅಂಗಡಿಯ ವಾಸನೆ ಹೊಡೆಯುತ್ತಿತ್ತು.

ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಸೀರೆಗಳನ್ನು ಮಡಚಿ ಚೀಲಕ್ಕೆ ಹಾಕಿದರು. "ಬೋರ್ಡ್‌ನ್ಯಾಗ ನಗಾಕತ್ತಾಳಲ್ಲ, ಆ ಮುದುಕಿ ಮುಖಾ ನೋಡಬೇಕು ನನಗ. ಬಂದ ಸೀರಿ ಹಂಗ ಹೋಗಂಗಿಲ್ಲ ಅಂತ ಬರಸ್ಯಾಳ. ಆಕೀನ್ನ ಕೇಳ್ತೇನಿ. ನಡೀರಿ."

ಬೇಡ ಎನ್ನಲು ನನ್ನಲ್ಲಿ ಯಾವ ಸುಳ್ಳೂ ಉಳಿದಿರಲಿಲ್ಲ. ಹಿಪ್ಪರಗಿಯಲ್ಲಿ ಬಸ್ಸಿಗೆ ಕಾಯುತ್ತ ನಾನು ಎರಡು ಸಲ ಬಾಯಿ ತೆರೆದೆ. ಅಕ್ಕಾ, ತಪ್ಪು ಅವರದಲ್ಲ ಎಂದು ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಬಸ್ಸು ಬರಲಿಕ್ಕಿಲ್ಲ, ಆಕೆಗೆ ತಡವಾಗಬಹುದು, ಮನೆಗೆ ಬೀಗ ಇರಬಹುದು ಎಂದು ಕೊನೆಯವರೆಗೂ ಲೆಕ್ಕ ಹಾಕುತ್ತಿದ್ದೆ.

ಕೌದಿಯ ಅಮ್ಮ ಬಾಗಿಲಲ್ಲೇ ಕೂತಿದ್ದರು. ನನ್ನ ಜೊತೆ ಹೊಸಬರನ್ನು ಕಂಡು ಖುಷಿಯಾಗಿ, ಏಳಲು ಹೋಗಿ, ಎಡಗೈಯಿಂದ ಚೌಕಟ್ಟು ಹಿಡಿದರು. ಬಲಗೈ ಮಡಿಲಲ್ಲಿ ಮುದುರಿಕೊಂಡೇ ಇತ್ತು. ಬಸ್ಸಿನುದ್ದಕ್ಕೂ ಬೈಗುಳ ಕೂಡಿಸಿಕೊಂಡು ಬಂದಿದ್ದ ಆಕೆ ಆ ಕೈ ನೋಡಿ ನಿಂತಲ್ಲೇ ನಿಂತರು. ನರ್ಸಿಗೆ ಅದು ಏನೆಂದು ಹೇಳಬೇಕಿರಲಿಲ್ಲ.

"ಎಷ್ಟು ದಿನ ಆತ್ರಿ ಕೈ ಹೋಗಿ?"

"ಎರಡು ವರ್ಷ ಆಗಾಕ ಬಂತು ನೋಡವಾ. ಯಾಕ, ಕೌದಿ ಹೊಲಿಸಾಕ ಬಂದೀಯೇನು? ನಾ ಬಿಟ್ಟೇನಿ. ಬೋರ್ಡ್ ಸುದ್ದಾ ಅಳಿಸೇವಿ, ಕೇಳು ಈ ತಮ್ಮಗ."

ಆಕೆ ಚೀಲದಿಂದ ಹಸಿರು ಸೀರೆ ತೆಗೆದು ಅವರ ಮಡಿಲಲ್ಲಿಟ್ಟರು. ಒಂದು ವರ್ಷದ ಹಿಂದೆ ಕಳಿಸಿದ್ದು, ನೀವು ಎರಡು ಮೂಲೆ ಮುಗಿಸಿದ್ದೀರಿ ಎಂದು ಇವರು ಹೇಳಿದ್ದರು ಎಂದರು. ಅಷ್ಟೇ. ಇಬ್ಬರೂ ನನ್ನ ಕಡೆ ತಿರುಗಿದರು. ಹದಿನೈದು ವರ್ಷ ಜನ ನೋಡಲೆಂದು ಬೋರ್ಡು ಬರೆದವನು ನಾನು. ನೋಡಿಸಿಕೊಳ್ಳುವುದು ಎಂದರೇನು ಎಂದು ತಿಳಿದದ್ದು ಆ ಬಾಗಿಲಲ್ಲಿ.

ಅಮ್ಮ ಸೀರೆಯ ಮೇಲೆ ಎಡಗೈ ಆಡಿಸಿದರು. ಅಂಚು ಹಿಡಿದು ನೋಡಿದರು. ಎಂದಿನಂತೆಯೇ ಕೇಳಿದರು, "ಇದು ಯಾರ ಸೀರಿ ಯವ್ವಾ?" ಆಕೆ ಹೇಳಿದರು. ಆಗ ಅತ್ತರು. ಅಮ್ಮ ಆಕೆಯ ತಲೆ ಸವರುತ್ತಲೇ ನನ್ನನ್ನು ಕೇಳಿದರು.

"ಇದೊಂದ ಏನು, ಇನ್ನೂ ಅದಾವು?"

"ಅದಾವ್ರಿ."

"ಎಷ್ಟು?"

"ಇನ್ನೂ ಹತ್ತು."

"ಅಂದ್ರ ಇಷ್ಟು ದಿನ ಹನ್ನೊಂದು ಮನ್ಯಾಗ ನಾ ಸೀರಿ ಕಳ್ಳಿ ಆಗೇನಿ." ಅವರ ಧ್ವನಿ ಏರಲಿಲ್ಲ. "ಕೈ ಹೋದಾಗ ಅತ್ತಿಲ್ಲೋ ತಮ್ಮಾ ನಾ. ಮಾತರ ಉಳೀತು ಅನಕೊಂಡಿದ್ದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವರ ಮಾತನ್ನು ಅವರು ಆಡಿ ಕಳೆದುಕೊಂಡದ್ದಲ್ಲ. ನಾನು ಅದನ್ನು ಲೋಕಕ್ಕೆಲ್ಲ ಕಾಣುವಂತೆ ಬರೆದು ತೂಗುಹಾಕಿ ಕಳೆದಿದ್ದೆ.

ಆಕೆ ಸಂಜೆಯ ಬಸ್ಸಿಗೆ ಹೋದರು. ಹೋಗುವಾಗ ಮೂರು ಸೀರೆ ಒಯ್ದರು, ಹಸಿರು ಸೀರೆಯನ್ನು ಅಮ್ಮನ ಮಡಿಲಲ್ಲೇ ಬಿಟ್ಟರು. ನಾನು ಹಿಡಿದ ಚೀಲವನ್ನು ಕೈಯಿಂದ ಕಿತ್ತುಕೊಂಡರು. ಅದು ನ್ಯಾಯವೇ.

ಮರುದಿನ ಉಳಿದ ಹತ್ತೂ ಪಾರ್ಸೆಲ್ಲುಗಳನ್ನು ಬಾಗೇವಾಡಿಗೆ ಹೊತ್ತುಕೊಂಡು ಹೋದೆ. ಗುಪ್ತಪದದ ಕಥೆ, ಸುಣ್ಣದ ಕಥೆ, ಎಲ್ಲ ಹೇಳಿದೆ. ಪುಟ ಇನ್ನೂ ಹಾಗೇ ಇದೆ, ತೆಗೆಯುವುದು ನನ್ನಿಂದಾಗುವುದಿಲ್ಲ ಎಂದೂ ಹೇಳಿದೆ. ಅದು ಮತ್ತೂ ಮೂರು ವರ್ಷ ಅಲ್ಲೇ ಇತ್ತು, ಕೊನೆಗೆ ಆ ಕಂಪನಿಯೇ ಬಾಗಿಲು ಹಾಕಿದ ಮೇಲೆ ಹೋಯಿತು. ಅಲ್ಲಿಯವರೆಗೆ ಪ್ರತಿ ಸೋಮವಾರ ಸೈಬರ್‌ಗೆ ಹೋಗಿ ಅದನ್ನು ನೋಡುತ್ತಿದ್ದೆ. ಉಸ್ತಾದರು ಹೇಳಿದ್ದು ನಿಜ, ತಿರುಗಿ ನೋಡಿದರೆ ಬರೀ ತಪ್ಪೇ ಕಾಣುತ್ತದೆ. ಬಂದ ಪಾರ್ಸೆಲ್ಲನ್ನು ಅದೇ ದಿನ ವಾಪಸು ಹಾಕುತ್ತಿದ್ದೆ.

ಸುಣ್ಣದ ಮಾತಿಗೆ ಅಮ್ಮ ನಗಲಿಲ್ಲ. ನಗುತ್ತಾರೆಂದು ಎರಡು ವರ್ಷ ಅಂದುಕೊಂಡಿದ್ದೆ. ಪಾರ್ಸೆಲ್ಲುಗಳನ್ನು ಒಂದೊಂದಾಗಿ ಬಿಚ್ಚಿಸಿದರು, ಚೀಟಿ ಓದಿಸಿದರು. ಎರಡಕ್ಕೆ ನುಸಿ ಹತ್ತಿತ್ತು. ಅವನ್ನು ಬೇರೆ ಇಡಿಸಿ, "ಇದನ್ನೂ ಬರಿ, ಮುಚ್ಚಬ್ಯಾಡ" ಎಂದರು. ಒಂದೊಂದು ಸೀರೆ ಮಡಚುವ ಮೊದಲೂ ಒಣ ರೊಟ್ಟಿಯ ಚೂರು ಕೇಳಿದರು. ಎಡಗೈಯಿಂದ ಅದನ್ನು ಸೆರಗಿನ ತುದಿಗೆ ಕಟ್ಟಲು ಹೋದರು, ಗಂಟು ಬೀಳಲಿಲ್ಲ. ನಾನು ಕೈ ಚಾಚಿದೆ. ಅವರು ಕೊಡಲಿಲ್ಲ. ಹಲ್ಲಿನಿಂದ ಎಳೆದು ತಾವೇ ಕಟ್ಟಿದರು, ಹತ್ತಕ್ಕೂ.

ಆಮೇಲೆ ಹತ್ತೂ ಮನೆಗೆ ಕಾಗದ ಬರೆಯಿಸಿದರು. ನಾನು ನನ್ನ ಅತಿ ಚೆಂದದ ಅಕ್ಷರದಲ್ಲಿ ಬರೆದೆ: ಹೊಲಿಯುವವರ ಕೈಗೆ ನಿಮ್ಮ ಸೀರೆ ತಲುಪಿರಲಿಲ್ಲ, ಅವರಿಗೆ ವಿಷಯವೇ ಗೊತ್ತಿರಲಿಲ್ಲ, ಬಚ್ಚಿಟ್ಟವನು ಬೋರ್ಡು ಬರೆದವನು. ಅಕ್ಷರ ಚೆನ್ನಾಗಿ ಬಂದದ್ದಕ್ಕೆ ಅಂಥ ಹೊತ್ತಿನಲ್ಲೂ ಒಳಗೊಳಗೇ ಸಮಾಧಾನಪಟ್ಟೆ, ಎಂಥ ಮನುಷ್ಯ ನಾನು! ಮುಗಿಸಿ, ರೂಢಿಯಂತೆ ಬಲಗಡೆ ಕೆಳಮೂಲೆಯಲ್ಲಿ ಸಣ್ಣದಾಗಿ ಸಹಿ ಹಾಕಿದೆ.

ಓದಲು ಬಾರದ ಅಮ್ಮ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನಿನ್ನ ಹೆಸರು ಎಲ್ಲಿ ಐತಿ?"

ತೋರಿಸಿದೆ.

"ನನ್ನ ಹೆಸರು ಬೋರ್ಡಿನ ಮ್ಯಾಲ ದೊಡ್ಡದು ಬರದಿದ್ದಿ. ಇದರಾಗ ನಿಂದು ಮ್ಯಾಲ ಬರಿ. ದಪ್ಪ ಕುಂಚ ತಗೊ."

ಹತ್ತು ಹಾಳೆಯ ನೆತ್ತಿಯ ಮೇಲೂ, ಅಂಗಡಿಯ ಬೋರ್ಡಿನಷ್ಟು ದಪ್ಪ ಅಕ್ಷರದಲ್ಲಿ, ನನ್ನ ಹೆಸರು ಬರೆದೆ. ಹನ್ನೊಂದನೆಯದನ್ನು ಸೊಲ್ಲಾಪುರಕ್ಕೆ ಬರೆಯಲೇ ಎಂದು ಕೇಳಿದೆ. ಅಮ್ಮ ಪಕ್ಕದಲ್ಲಿಟ್ಟುಕೊಂಡಿದ್ದ ಹಸಿರು ಸೀರೆಯನ್ನು ಎಡಗೈಯಿಂದ ಎತ್ತಿ, ಮುಖದ ಹತ್ತಿರ ತಂದು, ಹಾಗೇ ಕೆಳಗಿಟ್ಟರು. ಟರ್ಪೆಂಟೈನ್ ವಾಸನೆ ಇನ್ನೂ ಹೋಗಿರಲಿಲ್ಲ.

"ಆಕಿಗೆ ಏನಂತ ಬರಿತಿ?" ಎಂದರು.

ಕುಂಚ ಹಿಡಿದುಕೊಂಡು ಕೂತೇ ಇದ್ದೆ. ಬಣ್ಣ ಒಣಗಿತು.